ಅಕ್ಕಿಕಾಳಿಗೆ ಬಿಳಿ ಸೀರೆ ನಡೆಯುತ್ತದಾ? ಹುಬ್ಬಳ್ಳಿ ಹುಡುಗಿ, ಗುಜರಾತಿ ಬೀಗರು

ಉಣಕಲ್_ಅಕ್ಕ
ಎಲ್ಲರಿಗೂ ನಮಸ್ಕಾರ. ತಂಗಿಯ ಮದುವೆ ಗಟ್ಟಿಯಾಗಿದೆ. ಹುಡುಗ ಹುಬ್ಬಳ್ಳಿಯಲ್ಲೇ ಹುಟ್ಟಿ ಬೆಳೆದ ಗುಜರಾತಿ. ಕನ್ನಡ ನಮಗಿಂತ ಜೋರಾಗಿ ಮಾತಾಡುತ್ತಾನೆ. ಕೊಡುವುದು ತರುವುದರಲ್ಲಿ ಏನೂ ತಕರಾರಿಲ್ಲ. ತಕರಾರು ಎದ್ದಿರುವುದು ಸೀರೆಯದ್ದು.

ಅವರ ಪದ್ಧತಿಯಲ್ಲಿ ಹುಡುಗಿ ಮಂಟಪಕ್ಕೆ ಬರುವಾಗ ಪಾನೇತರ್ ಉಡಬೇಕಂತೆ. ಬಿಳಿ ರೇಷ್ಮೆ, ಕೆಂಪು ಅಂಚು. ಅದನ್ನು ತರಬೇಕಾದವರು ಹುಡುಗಿಯ ಸೋದರಮಾವ. ನಮ್ಮ ಮಾವ ರಾಣೆಬೆನ್ನೂರಿನವರು, ಪಾನೇತರ್ ಹೆಸರೇ ಕೇಳಿದವರಲ್ಲ. ಆದರೂ "ನನ್ನ ಪಾಲಿಂದು ಅಂದ ಮೇಲೆ ನಾನೇ ತರುತ್ತೇನೆ" ಅಂತ ಹಟ ಹಿಡಿದಿದ್ದಾರೆ. ಅಜ್ಜಿ ಮಾತ್ರ ಒಪ್ಪುತ್ತಿಲ್ಲ. "ಮದುಮಗಳಿಗೆ ಬಿಳಿ ಉಡಿಸಿ ಅಕ್ಕಿಕಾಳು ಹಾಕುವುದಾದರೆ ನಾನು ಹಂದರಕ್ಕೇ ಬರುವುದಿಲ್ಲ" ಅಂದುಬಿಟ್ಟರು. ಅಕ್ಕಿಕಾಳು ಅಂದ್ರೆ ನಮ್ಮ ಕಡೆ ಮುಹೂರ್ತಕ್ಕೆ ಹಾಕುವ ಅಕ್ಷತೆ. ಅಪ್ಪ ಎಂದಿನಂತೆ ಪೇಪರ್ ಹಿಡಿದು ಕೂತರು.

ಬಿಳಿ ಉಟ್ಟು ಮದುವೆಯಾಗುವವರು ಬೇರೆ ಕಡೆಯೂ ಇದ್ದಾರಾ? ಪಾನೇತರ್ ಇಲ್ಲಿ ಸಿಗುತ್ತದಾ? ನಮ್ಮ ಕಡೆಯ ಸೀರೆಯನ್ನೂ ಉಡಿಸಬೇಕು ಅಂದ್ರೆ ಯಾವ ಹೊತ್ತಿಗೆ ಸರಿ? ಗೊತ್ತಿದ್ದವರು ಹೇಳಿರಿ. ಲೆಹೆಂಗಾ ಹಾಕಿಸಿ ಅಂತ ಮಾತ್ರ ದಯವಿಟ್ಟು ಬರೆಯಬೇಡಿ.

ಜವಳಿಸಾಲ_ಗಿರಾಕಿ
ಲೆಹೆಂಗಾ ಹಾಕಿಸಿ.

ಕೊಪ್ಪಿಕರ್_ಭಾಯ್
ಅಕ್ಕಾರೆ, ನಮ್ಮದೂ ಗುಜರಾತಿ ಮನೆ. ಅಜ್ಜ ವ್ಯಾಪಾರಕ್ಕೆ ಅಂತ ಹುಬ್ಬಳ್ಳಿಗೆ ಬಂದು ಇಲ್ಲೇ ಉಳಿದರು. ಪಾನೇತರ್ ವಿಷಯ ನಾನು ಹೇಳುತ್ತೇನೆ.

ಅದು ಪೂರ್ತಿ ಬಿಳಿ ಅಲ್ಲ. ಒಡಲು ಬಿಳಿ ಇಲ್ಲವೇ ಕೆನೆ ಬಣ್ಣ. ಅಂಚು, ಸೆರಗು ಕೆಂಪು. ಆ ಕೆಂಪಿನಲ್ಲಿ ಬಾಂಧನಿ ಚುಕ್ಕಿ. ಬಾಂಧನಿ ಅಂದ್ರೆ ಬಟ್ಟೆಯನ್ನು ಉಗುರಿನ ತುದಿಯಲ್ಲಿ ಚಿವುಟಿ ಹಿಡಿದು ದಾರ ಬಿಗಿದು ಬಣ್ಣಕ್ಕೆ ಅದ್ದುವುದು. ದಾರ ಬಿಗಿದ ಜಾಗಕ್ಕೆ ಬಣ್ಣ ಹತ್ತುವುದಿಲ್ಲ, ಬಿಚ್ಚಿದಾಗ ಅಲ್ಲೊಂದು ಚುಕ್ಕಿ. ಕಛ್, ಜಾಮ್‌ನಗರದ ಕಡೆ ಹೆಂಗಸರು ಮನೆಯಲ್ಲೇ ಕೂತು ಕಟ್ಟುತ್ತಾರೆ. ಒಂದು ಸೀರೆಯಲ್ಲಿ ಸಾವಿರಗಟ್ಟಲೆ ಗಂಟು ಇರುತ್ತವೆ.

ಪಾನೇತರ್ ತವರಿನ ಸೀರೆ. ಮಾವ ತರುವ ಕಾಣಿಕೆಗೆ ನಾವು ಮಾಮೇರು ಅನ್ನುತ್ತೇವೆ. ಗಂಡಿನ ಮನೆಯಿಂದ ಬರುವುದು ಘರಚೋಳಾ. ಅದು ಕೆಂಪು. ಜರಿ ಗೆರೆ ಎಳೆದು ಚೌಕುಳಿ ಮಾಡಿರುತ್ತಾರೆ, ಒಂದೊಂದು ಚೌಕದೊಳಗೆ ಬಾಂಧನಿ ಚಿತ್ತಾರ. 12 ಚೌಕದ್ದು, 52 ಚೌಕದ್ದು ಅಂತ ಹಳೆಯ ಲೆಕ್ಕ ಇದೆ. ಹುಡುಗಿ ಪಾನೇತರ್ ಉಟ್ಟು ಬರುತ್ತಾಳೆ, ಆಮೇಲೆ ಗಂಡಿನ ಮನೆಯವರು ಅವಳಿಗೆ ಘರಚೋಳಾ ಹೊದಿಸುತ್ತಾರೆ. ಅಲ್ಲಿಗೆ ಬಿಳಿಯ ಮೇಲೆ ಕೆಂಪು ಬಂದೇ ಬಂತು. ಅಜ್ಜಿಗೆ ಇದೊಂದು ಮಾತು ಹೇಳಿ ನೋಡಿರಿ.

ಹುಬ್ಬಳ್ಳಿಯಲ್ಲಿ ಸಿಗುತ್ತದೆ, ಆಯ್ಕೆ ಕಡಿಮೆ. ನಮ್ಮ ಮಂದಿ ಅಹಮದಾಬಾದ್, ರಾಜಕೋಟ್ ಕಡೆಯ ನೆಂಟರಿಗೆ ಹೇಳಿ ತರಿಸುತ್ತಾರೆ. ಒಂದು ಎಚ್ಚರ: ಬಾಂಧನಿಯಂತೆ ಕಾಣುವ ಪ್ರಿಂಟ್ ಜಾಸ್ತಿ ಬಂದಿದೆ. ಕಟ್ಟಿ ಮಾಡಿದ್ದರಲ್ಲಿ ಚುಕ್ಕಿಗಳು ಒಂದರಂತೆ ಒಂದು ಇರುವುದಿಲ್ಲ. ಬಟ್ಟೆ ಮುಟ್ಟಿದರೆ ಸಣ್ಣ ಸಣ್ಣ ಉಬ್ಬು ಕೈಗೆ ಸಿಗುತ್ತದೆ. ಇಸ್ತ್ರಿ ಹಾಕಿ ನುಣ್ಣಗೆ ಮಾಡಿದ್ದರೆ ಹಿಂಬದಿ ನೋಡಿರಿ, ಪ್ರಿಂಟ್ ಹೆಚ್ಚಾಗಿ ಅಲ್ಲಿ ಮಸುಕಾಗಿರುತ್ತದೆ.

ಶಾಸ್ತ್ರ_ಮೊದಲು
ಮದುಮಗಳು ಕೆಂಪು ಇಲ್ಲವೇ ಹಸಿರು ಉಡಬೇಕು. ಬಿಳಿ, ಕಪ್ಪು ಎರಡೂ ವರ್ಜ್ಯ. ಇದು ಭಾರತದ ಎಲ್ಲ ಕಡೆಯೂ ಒಂದೇ. ಫ್ಯಾಷನ್ ಹೆಸರಲ್ಲಿ ಇದನ್ನೆಲ್ಲ ಬಿಡಬಾರದು. ಅಜ್ಜಿ ಹೇಳುವುದು ಸರಿ ಇದೆ.

ರೈಲ್ವೆ_ವರ್ಗಾವಣೆ
ಸರ್, ಎಲ್ಲ ಕಡೆಯೂ ಒಂದೇ ಅನ್ನುವ ಮಾತು ನಿಲ್ಲುವುದಿಲ್ಲ. ನನ್ನ ನೌಕರಿ ಹುಬ್ಬಳ್ಳಿಯಲ್ಲಿ ಮುಗಿಯಿತು. ಅದಕ್ಕೂ ಮೊದಲು ಅಸ್ಸಾಂ, ಬಂಗಾಳ ಎರಡೂ ಕಡೆ ಇದ್ದೆ. ಮದುವೆ ಊಟ ಎಲ್ಲೂ ಬಿಟ್ಟವನಲ್ಲ.

ಅಸ್ಸಾಮಿನಲ್ಲಿ ಮದುಮಗಳು ಮೇಖೇಲಾ ಚಾದೋರ್ ಉಡುತ್ತಾಳೆ. ಎರಡು ತುಂಡು ಬಟ್ಟೆ. ಕೆಳಗೆ ಸುತ್ತುವುದು ಮೇಖೇಲಾ, ಮೇಲೆ ಹೊದೆಯುವುದು ಚಾದೋರ್. ಮದುವೆಗೆ ಪಾಟ್ ರೇಷ್ಮೆಯದ್ದು, ಅಂದ್ರೆ ನಮ್ಮ ಹಿಪ್ಪುನೇರಳೆ ರೇಷ್ಮೆಯೇ. ಅದರ ಬಣ್ಣ ಕೆನೆ ಬಿಳಿ, ಮೇಲೆ ಕೆಂಪು ಇಲ್ಲವೇ ಬಂಗಾರದ ಬಣ್ಣದ ಹೂವು. ಇನ್ನೊಂದು ಮೂಗಾ ರೇಷ್ಮೆ. ಅದರ ಹೊಳೆಯುವ ಹಳದಿ ಹುಟ್ಟಿನಿಂದಲೇ ಬಂದದ್ದು, ಬಣ್ಣ ಹಾಕಬೇಕಾಗಿಲ್ಲ. ಒಗೆದಷ್ಟೂ ಹೊಳಪು ಏರುತ್ತದೆ ಅಂತ ಅಲ್ಲಿಯ ಹೆಂಗಸರು ಹೆಮ್ಮೆಯಿಂದ ಹೇಳುತ್ತಿದ್ದರು. ಗುವಾಹಟಿ ಹತ್ತಿರ ಸುವಾಲ್‌ಕುಚಿ ಅಂತ ಊರಿದೆ, ಓಣಿ ಓಣಿಗೂ ಮಗ್ಗದ ಸದ್ದು. ಮದುವೆಗೆ ಮುಂಚೆ ಜೋರೋಣ್ ಅಂತ ಶಾಸ್ತ್ರ. ಅತ್ತೆಯಾಗುವವಳು ಬಟ್ಟೆ, ಒಡವೆ ತಂದುಕೊಟ್ಟು ಹುಡುಗಿಯ ತಲೆಗೆ ಎಣ್ಣೆ ಹಚ್ಚುತ್ತಾಳೆ.

ಬಂಗಾಳದ್ದು ನಿಮ್ಮ ಮಾತಿಗೆ ಹೊಂದುತ್ತದೆ. ಅಲ್ಲಿ ಕೆಂಪು ಬನಾರಸಿ. ಆದರೆ ತಲೆಯ ಮೇಲಿನ ಕಿರೀಟ ಬಿಳಿ! ಶೋಲಾ ಅಂತ ಕೆರೆ, ಜೌಗಿನಲ್ಲಿ ಬೆಳೆಯುವ ಗಿಡದ ತಿರುಳನ್ನು ಕತ್ತರಿಸಿ ಮಾಡುತ್ತಾರೆ. ಹತ್ತಿಯಷ್ಟು ಹಗುರ. ನಮ್ಮ ಬಾಸಿಂಗ ಅಂತ ಇಟ್ಟುಕೊಳ್ಳಿ. ಕೈಯಲ್ಲಿ ಶಂಖದ ಬಿಳಿ ಬಳೆ, ಜೊತೆಗೆ ಕೆಂಪು ಬಳೆ. ವರ್ಜ್ಯ ಅಂತ ಅವರಿಗೆ ಹೇಳಿ ಬರಲು ಯಾರಿಗೂ ಧೈರ್ಯ ಆಗಲಿಕ್ಕಿಲ್ಲ.

ಸಾಧನಕೇರಿ_ಚೇಚಿ
ಧಾರವಾಡಕ್ಕೆ ಸೊಸೆಯಾಗಿ ಬಂದ ಮಲಯಾಳಿ ನಾನು. ನನ್ನ ಮದುವೆ ಸೀರೆ ಕೆನೆ ಬಣ್ಣದ ಕಸವು, ಬಂಗಾರದ ಅಂಚು. ಇಲ್ಲಿಗೆ ಬಂದ ಹೊಸದರಲ್ಲಿ ಓಣಿಯವರು ಮದುವೆ ಫೋಟೋ ನೋಡಿ ಮುಖ ಮುಖ ನೋಡಿಕೊಂಡರು. ಯಾರೂ ಏನೂ ಅನ್ನಲಿಲ್ಲ, ಅಷ್ಟು ಸಾಕಿತ್ತು.

ನಮ್ಮ ಕಡೆ ನಾಯರ್ ಮದುವೆಯಲ್ಲಿ ಪುಡವ ಕೊಡುವುದು ಅಂತ ಇದೆ. ವರ ವಧುವಿನ ಕೈಗೆ ತಟ್ಟೆಯಲ್ಲಿ ಬಟ್ಟೆ ಇಟ್ಟು ಕೊಡುತ್ತಾನೆ. ಹಿಂದೆ ಮದುವೆ ಅಂದ್ರೆ ಹೆಚ್ಚುಕಡಿಮೆ ಅಷ್ಟೇ. ಬಟ್ಟೆ ಕೊಟ್ಟ, ಅವಳು ತಗೊಂಡಳು, ಮದುವೆ ಆಯಿತು. ಸಿರಿಯನ್ ಕ್ರೈಸ್ತರದ್ದು ನೋಡಿದರೆ ಇನ್ನೂ ಚೆನ್ನಾಗಿದೆ. ಚರ್ಚಿನಲ್ಲಿ ವರ ಮಂತ್ರಕೋಡಿ ಸೀರೆಯನ್ನು ವಧುವಿನ ತಲೆಯ ಮೇಲೆ ಹೊದಿಸುತ್ತಾನೆ. ಅವರ ತಾಳಿಗೆ ಮಿನ್ನು ಅನ್ನುತ್ತಾರೆ. ಆ ಮಿನ್ನು ಪೋಣಿಸುವ ದಾರ ಎಲ್ಲಿಂದ ಅಂದುಕೊಂಡಿರಿ? ಅದೇ ಸೀರೆಯಿಂದ 7 ಎಳೆ ತೆಗೆದು ಹೊಸೆದದ್ದು. ಅವರ ಹಳೆಯ ಉಡುಗೆ ಚಟ್ಟ ಮುಂಡು ಅಂತೂ ಅಪ್ಪಟ ಬಿಳಿ. ಹಿಂದೆ ಬೀಸಣಿಗೆ ಹಾಗೆ ನೆರಿಗೆ ಬರುತ್ತದೆ.

ಹಾಗಾಗಿ ಉಣಕಲ್ ಅಕ್ಕ, ಬಣ್ಣದ ಬಗ್ಗೆ ಅಜ್ಜಿ ಜೊತೆ ವಾದಕ್ಕೆ ಇಳಿಯಬೇಡಿ. ಯಾರು ತರುತ್ತಾರೆ, ಯಾಕೆ ತರುತ್ತಾರೆ ಅದನ್ನು ಹೇಳಿ. ಮಾವ ತರುವ ಸೀರೆ ಅಂದ್ರೆ ಅವರ ಮಗನೇ ತರುವ ಸೀರೆ ಅಲ್ವಾ?

ಜವಳಿಸಾಲ_ಗಿರಾಕಿ
ತೆಲುಗರನ್ನು ಮರೆತಿರಿ. ಆಂಧ್ರದ ಮದುವೆಯಲ್ಲಿ ಹುಡುಗ, ಹುಡುಗಿ ಇಬ್ಬರೂ ಮಧುಪರ್ಕ ಉಡುತ್ತಾರೆ. ಬಿಳಿ ಹತ್ತಿ ಬಟ್ಟೆ, ಕೆಂಪು ಅಂಚು. ನಮ್ಮ ಗೆಳೆಯನ ಮದುವೆಯಲ್ಲಿ ಅದನ್ನು ನೋಡಿ ನಾನು "ಸೀರೆ ಖರ್ಚು ಉಳಿಸಿದಿರಿ" ಅಂದೆ. ಅದಾದ ಮೇಲೆ ಅವನ ಮಾವ ತೋರಿಸಿದ ಕಂಚಿ ಸೀರೆಗಳ ಬಿಲ್ ನೋಡಿ ಸುಮ್ನೆ ಊಟಕ್ಕೆ ಹೋದೆ.

ಶಾಸ್ತ್ರ_ಮೊದಲು
ಅವರವರ ಪದ್ಧತಿ ಅವರಿಗೆ. ನಮ್ಮ ಕಡೆ ಬಿಳಿಯೂ ಇಲ್ಲ, ಕಪ್ಪೂ ಇಲ್ಲ.

ಕಸೂತಿ_ಆಯಿ
ಇಲ್ಲ ಅನ್ನಬೇಡಿ ತಮ್ಮಾ. ಕಪ್ಪು ನಮ್ಮ ಧಾರವಾಡದಲ್ಲೇ ಇತ್ತು. ಚಂದ್ರಕಾಳಿ ಸೀರೆ ಕೇಳಿದ್ದೀರಾ? ಕಪ್ಪು ರೇಷ್ಮೆ, ಮೈ ತುಂಬ ಕಸೂತಿ. ಮದುವೆ ಹುಡುಗಿಗೆ ಕೊಡುವ ಸೀರೆಗಳಲ್ಲಿ ಅದೊಂದು ಇರಲೇಬೇಕಿತ್ತು. ಈಗ ಕಪ್ಪು ಅಂದ್ರೆ ಅಂಗಡಿಯವರೇ ಮದುವೆ ಜವಳಿಯಿಂದ ತೆಗೆದು ಪಕ್ಕಕ್ಕೆ ಇಡುತ್ತಾರೆ. ಈ ಭಯ ಯಾವಾಗ ಶುರುವಾಯಿತೋ!

ನಾನು ಕಸೂತಿ ಕಲಿಸುತ್ತೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಕಸೂತಿಯಲ್ಲಿ ಹೊಲಿಗೆ ನಾಲ್ಕೇ. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ. ಗವಂತಿ ಅಂದ್ರೆ ಒಂದು ಗೆರೆಯ ಮೇಲೆ ಹೋಗಿ, ಬಿಟ್ಟ ಜಾಗ ತುಂಬುತ್ತಾ ಅದೇ ಗೆರೆಯ ಮೇಲೆ ವಾಪಸ್ ಬರುವುದು. ಮುರ್ಗಿ ಅದನ್ನೇ ಮೆಟ್ಟಿಲು ಮೆಟ್ಟಿಲಾಗಿ ಹಾಕುವುದು. ಈ ಎರಡರಲ್ಲಿ ಸೀರೆ ತಿರುವಿ ಹಾಕಿದರೂ ಒಳಗೂ ಹೊರಗೂ ಒಂದೇ ಚಿತ್ರ. ಗಂಟು ಹಾಕುವ ಹಾಗಿಲ್ಲ. ಅಸಲಿ ಕೆಲಸದಲ್ಲಿ ಬಟ್ಟೆಯ ಮೇಲೆ ಪೆನ್ಸಿಲ್ ಗೆರೆಯೂ ಇಲ್ಲ. ನೂಲಿನ ಎಳೆ ಎಣಿಸುತ್ತಾ ಹೋಗಬೇಕು. ಗೋಪುರ, ತೇರು, ಆನೆ, ನವಿಲು, ಪಲ್ಲಕ್ಕಿ, ತುಳಸಿ ಕಟ್ಟೆ, ಎಲ್ಲ ಎಣಿಕೆಯಿಂದಲೇ ಬರಬೇಕು. ಸೆರಗಿನ ಹತ್ತಿರ ದೊಡ್ಡ ಚಿತ್ರ, ದೂರ ಹೋದಂತೆ ಸಣ್ಣದು.

ಇನ್ನೊಂದು ಮಾತು. ಪಂಜಾಬಿನ ಫುಲ್ಕಾರಿಯಲ್ಲಿ ಚೋಪ್ ಅಂತ ಒಂದು ಬಗೆ. ಕೆಂಪು ಖಾದಿ, ಮೇಲೆ ಹಳದಿ ರೇಷ್ಮೆ ದಾರದ ಕೆಲಸ. ಮೊಮ್ಮಗಳ ಮದುವೆಗೆ ಅಂತ ತಾಯಿಯ ತಾಯಿ ಹೊಲಿಯುತ್ತಾಳೆ. ಮದುವೆ ಸ್ನಾನ ಆದ ಮೇಲೆ ಹುಡುಗಿಗೆ ಅದನ್ನೇ ಸುತ್ತುತ್ತಾರೆ. ಅದೂ ಎರಡೂ ಬದಿ ಒಂದೇ! ಉಳಿದ ಫುಲ್ಕಾರಿ ಬಟ್ಟೆಯ ಹಿಂಬದಿಯಿಂದ ಹೊಲಿಯುವಂಥದ್ದು, ಅದರಲ್ಲಿ ಒಳಗು ಹೊರಗು ಬೇರೆ. ಮೊಮ್ಮಗಳದ್ದು ಮಾತ್ರ ಹೀಗೆ. ಧಾರವಾಡದ ಗವಂತಿ ಹೊಲಿಗೆ ಅಲ್ಲಿಯೂ ಇದೆ ಅಂತ ತಿಳಿದಾಗ ನನಗೆ ಬಹಳ ಖುಷಿಯಾಗಿತ್ತು.

ನಿಮ್ಮ ಅಜ್ಜಿಗೆ ಕೈ ಚೆನ್ನಾಗಿ ಆಡುತ್ತದಾ? ಕಸೂತಿ ಬರುತ್ತಿದ್ದರೆ ಒಂದು ಕುಪ್ಪಸದ ತೋಳಿಗಾದರೂ ಅವರ ಕೈಯಿಂದ ಹಾಕಿಸಿರಿ. ಕೆಲಸ ಕೊಟ್ಟರೆ ಕೋಪ ತಾನೇ ಇಳಿಯುತ್ತದೆ.

ಉಣಕಲ್_ಅಕ್ಕ
ಆಯಿ, ಅಜ್ಜಿಗೆ ಕಸೂತಿ ಬರುತ್ತದೆ. ಕಣ್ಣು ಈಗ ಅಷ್ಟು ಕಾಣುವುದಿಲ್ಲ. ಆದರೂ ನಿಮ್ಮ ಮಾತು ಓದಿ ಹೇಳಿದೆ. "ಚಂದ್ರಕಾಳಿ ನನ್ನ ಅವ್ವನದು ಇತ್ತು" ಅಂತ ಶುರು ಮಾಡಿದವರು ಒಂದು ತಾಸು ನಿಲ್ಲಿಸಲಿಲ್ಲ. ಬಿಳಿ ಸೀರೆಗೆ ಮಾತ್ರ ಇನ್ನೂ ಹೂಂ ಅಂದಿಲ್ಲ.

ನಮ್ಮ ಕಡೆಯ ಸೀರೆ ಬಗ್ಗೆಯೂ ಯಾರಾದರೂ ಹೇಳಿರಿ. ತಂಗಿ ಇಳಕಲ್ ಬೇಕು ಅಂತಾಳೆ. ಅಂಗಡಿಯವರು "ಮದುವೆಗೆ ಇಳಕಲ್ ಯಾರು ಉಡುತ್ತಾರೆ ಮೇಡಂ, ಕಂಚಿ ತಗೊಳ್ಳಿ" ಅಂತಾರೆ.

ಬೆಟಗೇರಿ_ಮಗ್ಗ
ಗದಗ-ಬೆಟಗೇರಿಯ ನೇಕಾರರ ಮನೆಯವನು ನಾನು. ಆ ಅಂಗಡಿಯವರ ಮಾತು ಕೇಳಿ ನಮಗೆ ರೂಢಿ ಆಗಿದೆ.

ಇಳಕಲ್ ಬಾಗಲಕೋಟೆ ಜಿಲ್ಲೆಯ ಊರು, ಎಲ್ಲರಿಗೂ ಗೊತ್ತಿದ್ದದ್ದೇ. ಆ ಸೀರೆಯ ಗುಟ್ಟು ಸೆರಗಿನಲ್ಲಿದೆ. ಹಾಸು ಅಂದ್ರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳು. ಒಡಲಿಗೆ ಒಂದು ಹಾಸು, ಸೆರಗಿಗೆ ಬೇರೆ ಹಾಸು. ಒಡಲು ಹತ್ತಿ ಇರಬಹುದು, ರೇಷ್ಮೆ ಇರಬಹುದು, ಎರಡೂ ಸೇರಿರಬಹುದು. ಸೆರಗು ಮಾತ್ರ ಕೆಂಪು ರೇಷ್ಮೆ. ಒಡಲಿನ ಹಾಸಿನ ಎಳೆಗೂ ಸೆರಗಿನ ಹಾಸಿನ ಎಳೆಗೂ ಕುಣಿಕೆ ಹಾಕಿ ಜೋಡಿಸುತ್ತಾರೆ. ಇದೇ ಕೊಂಡಿ. ಒಂದೊಂದು ಸೀರೆಗೂ ಹೊಸದಾಗಿ ಕೊಂಡಿ ಹಾಕಬೇಕು, ಅದಕ್ಕೇ ಕೆಲಸ ನಿಧಾನ. ಕೊಂಡಿ ಇದ್ದರೆ ಸೆರಗಿನ ಕೆಂಪು ಅಪ್ಪಟ ಕೆಂಪಾಗಿ ಬರುತ್ತದೆ. ಇಡೀ ಸೀರೆ ಒಂದೇ ಹಾಸಿನಲ್ಲಿ ನೇಯ್ದರೆ ಒಡಲಿನ ಬಣ್ಣ ಸೆರಗಿನ ಕೆಂಪಿನೊಳಗೆ ಬೆರೆತು ಕಾಣುತ್ತದೆ. ಪವರ್‌ಲೂಮ್ ಇಳಕಲ್ ಗುರುತಿಸುವುದು ಹೀಗೆ. ಸೆರಗು ಶುರುವಾಗುವ ಕಡೆ ಬಟ್ಟೆ ಬೆಳಕಿಗೆ ಹಿಡಿಯಿರಿ. ಕೊಂಡಿಯ ಸಾಲು ಕಣ್ಣಿಗೆ ಬೀಳಬೇಕು.

ಸೆರಗಿನಲ್ಲಿ ಮೂರು ಪಟ್ಟಿ ಕೆಂಪು, ನಡುವೆ ಎರಡು ಪಟ್ಟಿ ಬಿಳಿ ಕೆಲಸ. ಇದು ಟೋಪು ತೆನೆ ಸೆರಗು. ಜೋಳದ ತೆನೆ, ಹಣಿಗೆಯ ಹಲ್ಲು, ಕೋಟೆಯ ತೆನೆ, ಗುಡ್ಡದ ಸಾಲು, ಇವೇ ಅದರ ಚಿತ್ರಗಳು. ಎಲ್ಲ ನಮ್ಮ ಕಣ್ಣೆದುರಿಗಿನವೇ. ದಡಿಯಲ್ಲಿ ಚಿಕ್ಕಿ ಪರಾಸ್, ಗೋಮಿ, ಗಾಡಿ ಅಂತ ಬಗೆಗಳಿವೆ. ಮದುಮಗಳಿಗೆ ಹಿಂದಿನಿಂದ ಬಂದದ್ದು ಗಿರಿ ಕುಂಕುಮದ ಬಣ್ಣ. ಕೆಂಪಿನಲ್ಲಿ ಅದೊಂದು ಗಾಢ ಕೆಂಪು, ಅರಿಷಿಣ ಹಚ್ಚಿದ ಮೈಗೆ ಬಹಳ ಒಪ್ಪುತ್ತದೆ.

ಕಂಚಿ ದೊಡ್ಡದು, ನಾವು ಸಣ್ಣವರು ಅನ್ನುವವರು ಒಂದು ಮಾತು ತಿಳಿಯಬೇಕು. ಕಂಚಿಯಲ್ಲೂ ಅಸಲಿ ಸೀರೆಯ ಹೆಚ್ಚುಗಾರಿಕೆ ಇದೇ ಜೋಡಣೆ. ಒಡಲಿನ ಹಾಸಿಗೆ ಸೆರಗಿನ ಹಾಸು ಕೂಡಿಸುವುದಕ್ಕೆ ಅಲ್ಲಿ ಪೇಟ್ನಿ ಅನ್ನುತ್ತಾರೆ. ಅಂಚನ್ನು ಒಡಲಿಗೆ ಬೆಸೆಯುತ್ತಾ ಮೂರು ಲಾಳಿಯಿಂದ ನೇಯುವುದು ಕೋರ್ವೈ. ತೆಲಂಗಾಣದ ಗದ್ವಾಲದಲ್ಲಿ ಹತ್ತಿ ಒಡಲಿಗೆ ರೇಷ್ಮೆ ಅಂಚು, ರೇಷ್ಮೆ ಸೆರಗು ಜೋಡಿಸುತ್ತಾರೆ. ಮೂರೂ ಒಂದೇ ಬುದ್ಧಿಯ ಕೆಲಸ. ಅಲ್ಲಿ ಜರಿ ಜಾಸ್ತಿ, ಹೆಸರು ಜಾಸ್ತಿ, ಅಷ್ಟೇ.

ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಅರಿಷಿಣದ ಶಾಸ್ತ್ರದ ಫೋಟೋಗೆ ಅಂತ ಇಳಕಲ್ ಕೇಳಿಕೊಂಡು ಬರುತ್ತಾರೆ. ಮೂಗಿಗೆ ನತ್ತು, ಕೈಗೆ ಬೀಸುವ ಕಲ್ಲು, ಪಕ್ಕಕ್ಕೆ ಒಂದು ಎತ್ತಿನ ಗಾಡಿ. ಅಕ್ಕಿಕಾಳಿನ ಹೊತ್ತಿಗೆ ಅದೇ ಸೀರೆ ಬೇಡ. ಸೀರೆಯೇನು ನಾಟಕದ ವೇಷವಾ?

ಜವಳಿಸಾಲ_ಗಿರಾಕಿ
ಮಗ್ಗದ ಅಣ್ಣಾರೆ, ಸಿಟ್ಟು ಸರಿ. ಆದರೆ ಹುಡುಗಿ ಕಡೆಯಿಂದಲೂ ನೋಡಬೇಕು. ಇಳಕಲ್ ಉಟ್ಟರೆ "ಅಜ್ಜಿ ಸೀರೆ ಉಟ್ಟಳು" ಅನ್ನುತ್ತಾರೆ. ಕಂಚಿ ಉಟ್ಟರೆ ಯಾರೂ ಬಾಯಿ ತೆರೆಯುವುದಿಲ್ಲ. ಒಂದು ದಿನದ ಮದುವೆಯಲ್ಲಿ ಜನರ ಬಾಯಿ ಮುಚ್ಚಿಸುವುದೂ ಸೀರೆಯ ಕೆಲಸವೇ.

ಕಂಚಿಗೆ ಇನ್ನೊಂದು ಅನುಕೂಲ. ಅಸಲಿ ಜರಿ ಇದ್ದರೆ ಹಳೆಯ ಸೀರೆಗೂ ಬೆಲೆ. ರೇಷ್ಮೆ ಎಳೆಗೆ ಬೆಳ್ಳಿ ತಂತಿ ಸುತ್ತಿ ಬಂಗಾರದ ನೀರು ಕುಡಿಸಿರುತ್ತಾರೆ. "ಹಳೇ ಜರಿ ಸೀರಿ ತಗೋತೀವಿ" ಅಂತ ಓಣಿಯಲ್ಲಿ ಕೂಗುವವರು ಸೀರೆ ಸುಟ್ಟು ತೆಗೆಯುವ ಆ ಬೆಳ್ಳಿಗಾಗಿಯೇ ಬರುವುದು.

ಬೆಟಗೇರಿ_ಮಗ್ಗ
ಮದುವೆ ಸೀರೆ ತಗೊಳ್ಳುವಾಗಲೇ ಸುಡುವ ಲೆಕ್ಕ ಹಾಕುವವರಿಗೆ ನಾನು ಏನು ಹೇಳಲಿ. ಸುಡುವುದೇ ಆದರೆ ಅಂಚಿನ ಒಂದು ಎಳೆ ಸುಟ್ಟು ನೋಡಿ ತಗೊಳ್ಳಿ. ರೇಷ್ಮೆ ಆದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಆದರೆ ಕರಗಿ ಮಣಿಯಂತೆ ಗಟ್ಟಿಯಾಗುತ್ತದೆ. ಇಳಕಲ್‌ನಲ್ಲೂ ರೇಷ್ಮೆ ಜಾಗಕ್ಕೆ ಚಮಕಾ ಬಂದು ಬಹಳ ಕಾಲ ಆಯಿತು, ಅದು ಕೃತಕ ರೇಷ್ಮೆ, ಅಗ್ಗ. ಅದನ್ನು ಸುಟ್ಟರೆ ಕಾಗದ ಸುಟ್ಟ ವಾಸನೆ ಬರುತ್ತದೆ. ಹೇಳಿ ಮಾರಿದರೆ ತಪ್ಪಿಲ್ಲ. ಹೇಳದೆ ಮಾರುವವರು ಜಾಸ್ತಿ.

ನಿರ್ವಾಹಕ
ಬೆಂಕಿ ಪರೀಕ್ಷೆಯನ್ನು ದಯವಿಟ್ಟು ಅಂಗಡಿಯೊಳಗೆ ಮಾಡಬೇಡಿ. ಎಳೆ ಕೇಳಿ ತಗೊಂಡು ಹೊರಗೆ ಬನ್ನಿ. ಚರ್ಚೆ ಮುಂದುವರಿಯಲಿ.

ಹಳೇಹುಬ್ಬಳ್ಳಿ_ಬಾನು
ಸೀರೆ ಯಾರ ಕಡೆಯಿಂದ ಬರುತ್ತದೆ ಅನ್ನುವ ಮಾತು ಬಂತಲ್ಲ, ಅದಕ್ಕೆ ನಮ್ಮದೂ ಸೇರಿಸುತ್ತೇನೆ. ನನ್ನ ಅತ್ತೆಯ ತವರು ಹೈದರಾಬಾದ್. ಅಲ್ಲಿ ಮದುವೆಗೆ ಮುಂಚೆ ಸಾಂಚಕ್ ಅಂತ ಒಂದು ದಿನ. ಹುಡುಗನ ಮನೆಯವರು ಹುಡುಗಿಗೆ ಮದುವೆ ಉಡುಪು, ಒಡವೆ, ಹೂವು ತ‌ರುತ್ತಾರೆ. ಹಳೆಯ ಉಡುಪು ಖಡಾ ದುಪಟ್ಟಾ. ಕುರ್ತಾ, ಚೋಳಿ, ಚೂಡಿದಾರ್, ಮೇಲೆ ಸುಮಾರು 6 ಗಜದ ದುಪಟ್ಟಾ. ಅದನ್ನು ಒಬ್ಬರೇ ಹಾಕಿಕೊಳ್ಳಲು ಆಗುವುದಿಲ್ಲ. ಮನೆಯ ಹಿರಿಯ ಹೆಂಗಸರು ಸುತ್ತಲೂ ನಿಂತು ಪಿನ್ ಹಾಕಿ ನಿಲ್ಲಿಸಬೇಕು. ನನ್ನ ನಾದಿನಿ ನಿಕಾಹ್ ದಿನ ಅದನ್ನು ಹಾಕಿಕೊಂಡು ಕೂರಲೂ ಆಗದೆ, ನಿಲ್ಲಲೂ ಆಗದೆ ಪಟ್ಟ ಪಾಡು ದೇವರಿಗೇ ಪ್ರೀತಿ. ನೋಡಲು ಮಾತ್ರ ಕಣ್ಣು ತುಂಬುತ್ತಿತ್ತು.

ಇಲ್ಲಿ ಹುಬ್ಬಳ್ಳಿಯಲ್ಲಿ ಈಗ ಬಹಳ ಜನ ಲೆಹೆಂಗಾ ಬಾಡಿಗೆಗೆ ತರುತ್ತಾರೆ. ತಪ್ಪು ಅನ್ನುವುದಿಲ್ಲ. ಒಂದೇ ದಿನಕ್ಕೆ ಬೇಕಾದದ್ದಕ್ಕೆ ಸಾಲ ಮಾಡುವುದಕ್ಕಿಂತ ವಾಸಿ. ಆದರೆ ಯಾರ ಮನೆಗೆ ಹೋದರೂ ಅದೇ ಮರೂನ್, ಅದೇ ಕಲ್ಲು. ಫೋಟೋ ನೋಡಿ ಯಾರ ಮದುವೆ ಅಂತ ಹೇಳುವುದೇ ಕಷ್ಟ.

ತಾಂಡಾ_ಹುಡುಗ
ಗದಗ ಜಿಲ್ಲೆಯ ತಾಂಡಾದವನು. ನಮ್ಮ ಲಂಬಾಣಿ ಮದುವೆಗಳ ಕಥೆಯೂ ಅದೇ. ಫೇಟಿಯಾ ಅಂದ್ರೆ ಲಂಗ, ಕಾಂಚಳಿ ಅಂದ್ರೆ ಕುಪ್ಪಸ, ತಲೆಗೆ ಹೊದೆಯಲು ಛಾಂಟಿಯಾ, ಅದರ ಮೇಲೆಲ್ಲ ಕನ್ನಡಿ, ಕವಡೆ, ನಾಣ್ಯ. ತೋಳಿನವರೆಗೆ ಬಲಿಯಾ ಬಳೆ. ಅದು ಮೊದಲು ದಂತದ್ದು, ಈಗ ಪ್ಲಾಸ್ಟಿಕ್. ನಮ್ಮ ಅಜ್ಜಿ ದಿನಾ ಇದನ್ನೇ ಹಾಕಿಕೊಂಡು ಹೊಲಕ್ಕೆ ಹೋಗುತ್ತಿದ್ದಳು. ತಂಗಿ ತನ್ನ ಮದುವೆಯಲ್ಲಿ ಒಂದು ತಾಸು ಹಾಕಿಕೊಂಡು, ಭಾರ ಅಂತ ಬಿಚ್ಚಿ ಸೀರೆ ಉಟ್ಟಳು. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ, ಅಂದ್ರೆ ಭೌಗೋಳಿಕ ಗುರುತು ಸಿಕ್ಕಿದೆ. ಅಲ್ಲಿಯ ಹೆಂಗಸರು ಹೊಲಿದ ಚೀಲಗಳು ಪೇಟೆಯಲ್ಲಿ ಚೆನ್ನಾಗಿ ಹೋಗುತ್ತವೆ. ತಾಂಡಾದ ಮದುಮಗಳ ಮೈಮೇಲೆ ಆ ಹೊಲಿಗೆ ಅಪರೂಪ.

ಹಾವೇರಿ_ಏಲಕ್ಕಿ
ಎಲ್ಲ ಓದಿದೆ. ಅಕ್ಕಾರೆ, ನಿಮ್ಮ ಮಾವ ನಮ್ಮ ಜಿಲ್ಲೆಯವರು, ಅವರ ಪರವಾಗಿ ಒಂದು ಮಾತು. ಮಾವನ ಪಾಲು ಅನ್ನುವುದು ಗುಜರಾತಿಗೆ ಮಾತ್ರ ಸೇರಿದ್ದಲ್ಲ. ನಮ್ಮಲ್ಲಿ ಅಕ್ಕಿಕಾಳು ಬೀಳುವಾಗ ಹುಡುಗಿಯ ಹಿಂದೆ ಯಾರು ನಿಲ್ಲುತ್ತಾರೆ? ಸೋದರಮಾವ. ಮರಾಠಿ ಮನೆಗಳಲ್ಲಿ ಗೌರಿಹರ ಪೂಜೆಗೆ ಕೂರುವ ಹುಡುಗಿ ಮಾವ ಕೊಟ್ಟ ಹಳದಿ ಸೀರೆ ಉಡುತ್ತಾಳೆ. ಪಂಜಾಬಿನಲ್ಲಿ ಕೆಂಪು ಬಿಳಿ ಚೂಡಾ ಬಳೆ ತೊಡಿಸುವವನೂ ಮಾವನೇ. ಎಲ್ಲಿ ಹೋದರೂ ಪಾಪ ಮಾವನ ಜೇಬಿಗೇ ಕೈ.

ಅಜ್ಜಿಗೆ ಹೀಗೆ ಹೇಳಿ ನೋಡಿ. ಬೆಳಿಗ್ಗೆ ನಮ್ಮ ಪದ್ಧತಿ. ಸುರಗಿ, ಅರಿಷಿಣ, ಗುಳದಾಳಿ, ಅಕ್ಕಿಕಾಳು, ಎಲ್ಲ ಗಿರಿ ಕುಂಕುಮ ಇಳಕಲ್‌ನಲ್ಲಿ. ಗುಳೇದಗುಡ್ಡದ ಖಣದ ಕುಪ್ಪಸ, ಹಸಿರು ಬಳೆ, ದಂಡಿ, ಬಾಸಿಂಗ. ಸಂಜೆ ಅವರ ಪದ್ಧತಿ, ಮಾವನ ಪಾನೇತರ್, ಮೇಲೆ ಘರಚೋಳಾ. ಅಜ್ಜಿ ಕೇಳಿದ್ದು ಬಿಳಿ ಸೀರೆಯ ಮೇಲೆ ಅಕ್ಕಿಕಾಳು ಬೇಡ ಅಂತ ತಾನೇ? ಬೀಳುವುದಿಲ್ಲ. ಅವರ ಮಾತೂ ನಡೆಯಿತು, ಬೀಗರ ಮಾತೂ ನಡೆಯಿತು.

ಹಾರ ಮಾತ್ರ ಹಾವೇರಿ ಏಲಕ್ಕಿಯದ್ದೇ ಇರಲಿ. ಬಿಳಿ ಸೀರೆ ಮೇಲೆ ಹೂವಿನ ಕಲೆ ಬೀಳುತ್ತದೆ, ಏಲಕ್ಕಿಯದ್ದು ಬೀಳುವುದಿಲ್ಲ. ಮದುವೆ ಮುಗಿದ ಮೇಲೂ ವರ್ಷಗಟ್ಟಲೆ ಇಟ್ಟುಕೊಳ್ಳಬಹುದು. ಮೊದಲೇ ಹೇಳಿಡಿ, ಹಂಗಾಮಿನಲ್ಲಿ ಸಿಗುವುದು ಕಷ್ಟ.

ಕೊಪ್ಪಿಕರ್_ಭಾಯ್
ಇದು ಚೆನ್ನಾಗಿದೆ. ನಮ್ಮ ಮನೆಯಲ್ಲೂ ಒಂದು ಮದುವೆ ಹೀಗೇ ಆಯಿತು. ಬೀಗರಿಗೆ ಮೊದಲೇ ಹೇಳಿ ಮುಹೂರ್ತದ ವೇಳೆ ಕೂಡಿಸಿಕೊಳ್ಳಿ. ಎರಡು ಸಲ ಉಡಿಸಿ, ಜಡೆ ಹಾಕಿಸಲು ವೇಳೆ ಹಿಡಿಯುತ್ತದೆ. ಮಧ್ಯಾಹ್ನದ ಊಟ ಹುಡುಗಿಗೆ ತಪ್ಪಿಸಬೇಡಿ.

ಶಾಸ್ತ್ರ_ಮೊದಲು
ಹೀಗೆ ಮಾಡಿದರೆ ನನ್ನದೂ ತಕರಾರಿಲ್ಲ. ಅಕ್ಕಿಕಾಳಿಗೆ ಕೆಂಪು ಇರಬೇಕು, ಇದ್ದೇ ಇದೆ.

ಜವಳಿಸಾಲ_ಗಿರಾಕಿ
ನಿಮ್ಮದನ್ನು ಯಾರು ಕೇಳಿದ್ದರು ಸರ್? ತಮಾಷೆಗೆ ಅಂದೆ.

ಲಕ್ಷ್ಮೇಶ್ವರ_ಟೇಲರ್
ಹೊಲಿಗೆ ವಿಷಯ ಯಾರೂ ಎತ್ತಲಿಲ್ಲ, ನಾನು ಹೇಳುತ್ತೇನೆ. ಗುಜರಾತಿ ಸೀರೆ ಉಡುವಾಗ ಸೆರಗು ಹಿಂದಿನಿಂದ ಬಲ ಹೆಗಲ ಮೇಲೆ ಬಂದು ಎದೆಯ ಮೇಲೆ ಹರಡುತ್ತದೆ. ಬ್ಲೌಸಿನ ಮುಂಭಾಗ ಪೂರ್ತಿ ಮುಚ್ಚುತ್ತದೆ. ಮುಂದೆ ಕಲ್ಲು, ಮಣಿ ಕೆಲಸ ಮಾಡಿಸಿ ದುಡ್ಡು ಹಾಳು ಮಾಡಬೇಡಿ. ಸೆರಗು ಅದಕ್ಕೆ ಸಿಕ್ಕಿಕೊಂಡು ಬಾಂಧನಿಯ ಎಳೆ ಎದ್ದು ಬರುತ್ತದೆ. ತೋಳಿಗೆ ಮಾಡಿಸಿ.

ಬಿಳಿ ಸೀರೆಗೆ ಒಳಗಿನ ಲಂಗ ಅಚ್ಚ ಬಿಳಿಯದ್ದು ಬೇಡ, ಮೈಬಣ್ಣದ್ದು ಇರಲಿ. ಮಂಟಪದ ಲೈಟಿಗೆ ಬಿಳಿ ಲಂಗ ಎದ್ದು ಕಾಣುತ್ತದೆ. ಇಳಕಲ್‌ಗೆ ಫಾಲ್ ಹಚ್ಚುವ ಮುಂಚೆ ಫಾಲ್ ಬಟ್ಟೆಯನ್ನು ನೀರಿಗೆ ಹಾಕಿ ಒಣಗಿಸಿರಿ. ಇಲ್ಲದಿದ್ದರೆ ಒಗೆದಾಗ ಫಾಲ್ ಕುಗ್ಗಿ ದಡಿ ಸುಕ್ಕಾಗುತ್ತದೆ. ಕಚ್ಚೆ ಹಾಕಿ ಉಡಿಸುವುದಾದರೆ 9 ಗಜದ್ದು, ಅಂದ್ರೆ ಹದಿನೆಂಟು ಮೊಳದ್ದು ತಗೊಳ್ಳಿ. ಅದಕ್ಕೆ ಫಾಲ್ ಬೇಕಾಗಿಲ್ಲ.

ಉಣಕಲ್_ಅಕ್ಕ
ಎಲ್ಲರಿಗೂ ಶರಣು. ಹಾವೇರಿಯವರ ಲೆಕ್ಕ ಮನೆಯಲ್ಲಿ ಇಟ್ಟೆ. ಬೀಗರು ಆಗಲೇ ಒಪ್ಪಿದರು. ಮಾವ ರಾಜಕೋಟ್‌ಗೆ ಹೋಗುವ ರೈಲು ಹುಡುಕುತ್ತಿದ್ದಾರೆ, ಫೋಟೋದಲ್ಲಿ ನೋಡಿ ತಗೊಳ್ಳುವುದಿಲ್ಲವಂತೆ. ಇಳಕಲ್‌ಗೆ ಬೆಟಗೇರಿಯ ಅಣ್ಣಾರು ಹೇಳಿದಂತೆ ಕೊಂಡಿ ನೋಡಿಯೇ ತರುತ್ತೇವೆ. ಅಂಗಡಿಗಿಂತ ಇಳಕಲ್‌ಗೇ ಹೋಗಿ ಬರುವ ವಿಚಾರ ಇದೆ.

ಅಜ್ಜಿಯದ್ದು ಒಂದೇ ಷರತ್ತು. ಪಾನೇತರ್ ಬಂದ ಮೇಲೆ ದೇವರ ಮುಂದಿಟ್ಟು, ಹೊಸ ಬಟ್ಟೆಗೆ ಹಚ್ಚುವಂತೆ ಮೂಲೆಗೆ ಅರಿಷಿಣ ಹಚ್ಚಿಯೇ ಉಡಿಸಬೇಕು. ಟೇಲರ್ ಅಣ್ಣಾರೆ, ಬಿಳಿ ರೇಷ್ಮೆಗೆ ಅರಿಷಿಣ ಹಚ್ಚಬಹುದಾ? ಕಲೆ ಹೋಗುತ್ತದಾ?

ಲಕ್ಷ್ಮೇಶ್ವರ_ಟೇಲರ್
ಹೋಗುವುದಿಲ್ಲ ಅಂತಲೇ ತಿಳಿಯಿರಿ. ಸೊಂಟಕ್ಕೆ ಸಿಕ್ಕಿಸುವ ಒಳಗಿನ ಮೂಲೆಗೆ, ಒಂದೇ ಚುಕ್ಕಿ, ಒಣ ಬೆರಳಿನಿಂದ ಹಚ್ಚಿಸಿ. ಆಮೇಲೆ ಯಾರಾದರೂ ಸೋಪು ಹಾಕಿ ತಿಕ್ಕಲು ಹೋದರೆ ಹಳದಿ ಚುಕ್ಕಿ ಕೆಂಪಗಾಗುತ್ತದೆ. ಅರಿಷಿಣಕ್ಕೆ ಸೋಪು ತಾಗಿದರೆ ಹಾಗೇ. ಅದಕ್ಕೇ ಮುಟ್ಟಬೇಡಿ, ಡ್ರೈಕ್ಲೀನ್‌ಗೆ ಕೊಡುವಾಗ ಮೊದಲೇ ಹೇಳಿ ಕೊಡಿ.

ಉಣಕಲ್_ಅಕ್ಕ
ಓದಿ ಹೇಳಿದೆ. "ಕೆಂಪಾಗುತ್ತದಾ? ಹಾಗಾದ್ರೆ ಸೋಪು ಎಲ್ಲಿದೆ ತಾ" ಅಂತಾರೆ ಅಜ್ಜಿ.